ಹೊಳೆ ದಂಡೆಯ ಪಂಚಾಯಿತಿ ಜೂನ್‌ಗೆ ಮೊದಲು ಏನು ಮಾಡಬೇಕು? ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ದಂಡೆಯ ಒಂದು ಊರಿನ ಪಂಚಾಯಿತಿ ಸದಸ್ಯೆ ಆಗಿದ್ದವಳು. 2019ರ ಆಗಸ್ಟ್‌ನಲ್ಲಿ ನಮ್ಮ ಓಣಿ ಪೂರ್ತಿ ಮುಳುಗಿತ್ತು. 2021ರಲ್ಲಿ ಮತ್ತೆ ಹೊಸ್ತಿಲವರೆಗೆ ನೀರು ಬಂತು. ಪ್ರವಾಹಕ್ಕೆ ಏನು ತಯಾರಿ ಅಂತ ಕೇಳಿದರೆ ಒಂದು ಫೈಲ್ ತೋರಿಸುತ್ತಾರೆ. ಒಳಗೆ ಫೋನ್ ನಂಬರ್ ಪಟ್ಟಿ ಬಿಟ್ಟರೆ ಬೇರೇನಿಲ್ಲ. ಅದರಲ್ಲೂ ಅರ್ಧ ಜನ ವರ್ಗವಾಗಿ ಹೋಗಿದ್ದಾರೆ. ಊರವರೇ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು ಅಕ್ಕಾ, ಮಾಡಲೇಬೇಕು. ಆ ಫೈಲ್ ಆಮೇಲೆ ನೋಡೋಣ. ಮೊದಲು ಒಂದು ಡಬ್ಬಿ ಕೆಂಪು ಬಣ್ಣ, ಒಂದು ಟೇಪು ತಗೊಂಡು ಊರು ಸುತ್ತಿ. 2019ರಲ್ಲಿ ನೀರು ಎಲ್ಲಿವರೆಗೆ ನಿಂತಿತ್ತು ಅಂತ ಶಾಲೆ ಗೋಡೆ, ಅಂಗನವಾಡಿ, ಕರೆಂಟ್ ಕಂಬ, ಗುಡಿ ಕಟ್ಟೆ, ಎಲ್ಲದರ ಮೇಲೂ ಗೆರೆ ಎಳೆಯಿರಿ. ಇದು ತಡವಾದಷ್ಟೂ ಕಷ್ಟ. ನಾನು ಕೆಲಸ ಮಾಡಿದ ಒಂದು ಊರಲ್ಲಿ ನಾಲ್ಕೇ ವರ್ಷಕ್ಕೆ ಎಲ್ಲ ಗೋಡೆಗೂ ಸುಣ್ಣ ಬಿದ್ದಿತ್ತು. ಕೊನೆಗೆ ಒಬ್ಬ ಅಜ್ಜಿ ತಮ್ಮ ಜೋಳದ ಹಗೇವಿನ ಮನೆಯೊಳಗೆ ಕರೆದುಕೊಂಡು ಹೋಗಿ, ಬಾಗಿಲ ಚೌಕಟ್ಟಿನ ಮೇಲೆ ಉಳಿದಿದ್ದ ಕೆಸರಿನ ಗೆರೆ ತೋರಿಸಿದರು. ಆ ಒಂದು ಗೆರೆಯಿಂದಲೇ ಊರಿನ ಉಳಿದ ಲೆಕ್ಕ ಹಿಡಿದೆವು.

ಗೆರೆ ಆದ ಮೇಲೆ ಅದಕ್ಕೆ ಗಂಟೆ ಸೇರಿಸಿ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟಿನಿಂದ ಯಾವ ದಿನ ಎಷ್ಟು ನೀರು ಬಿಟ್ಟರು, ಅದು ನಿಮ್ಮ ಊರ ಮೊದಲ ಮನೆಗೆ ಎಷ್ಟು ಹೊತ್ತಿಗೆ ಬಂತು? ಹೊರಹರಿವಿನ ಲೆಕ್ಕ ನೀರಾವರಿ ಇಲಾಖೆಯಲ್ಲಿ ಸಿಗುತ್ತದೆ. ಹೊತ್ತು ಎಷ್ಟಾಗಿತ್ತು ಅಂತ ಜನರಿಗೆ ನೆನಪಿರುತ್ತದೆ. ಎರಡನ್ನೂ ಜೋಡಿಸಿದರೆ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಾಗುತ್ತದೆ.

ಟಿವಿಯಲ್ಲಿ ಬರುವ ಕ್ಯೂಸೆಕ್ ಲೆಕ್ಕವನ್ನೂ ಊರಿಗೆ ಹೇಳಿಕೊಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು. ಆದರೆ ಹಿಡಕಲ್ ಲೆಕ್ಕ ಒಂದನ್ನೇ ನಂಬಿ ಕೂರಬೇಡಿ. ಹಿರಣ್ಯಕೇಶಿ, ಮಾರ್ಕಂಡೇಯ ಎರಡು ಹೊಳೆಗಳೂ ಆ ಅಣೆಕಟ್ಟಿನ ಕೆಳಗೆ ಬಂದು ಸೇರುತ್ತವೆ. ಆ ನೀರನ್ನು ಹಿಡಕಲ್ ಗೇಟು ತಡೆಯುವುದಿಲ್ಲ. ಕೆಳಗೆ ಕೃಷ್ಣೆ ತುಂಬಿ ನಿಂತಿದ್ದರೆ ಘಟಪ್ರಭೆಯ ನೀರು ಬೇಗ ಇಳಿಯುವುದೂ ಇಲ್ಲ. ನಿಮಗಿಂತ ಮೇಲೆ, ಘಟಪ್ರಭೆಯ ಮೇಲಿರುವ ಗೋಕಾಕದ ಲೋಳಸೂರ ಸೇತುವೆ ಮುಳುಗಿತು ಅಂತ ಸುದ್ದಿ ಬಂದರೆ ನೀವು ಹೊರಡುವ ತಯಾರಿಯಲ್ಲಿ ಇರಬೇಕು, ಸುದ್ದಿ ನೋಡುತ್ತಾ ಅಲ್ಲ.

ಇನ್ನೊಬ್ಬರ ಪ್ರಶ್ನೆ: ನಮ್ಮ ಅಪ್ಪಾರು ಎಂಬತ್ತು ದಾಟಿದವರು. 'ಹೊಳೆ ನಮ್ಮ ಕಟ್ಟೆ ಯಾವತ್ತೂ ಏರಿಲ್ಲ' ಅಂತಾರೆ. ಅವರ ಮಾತು ಸುಳ್ಳಾಗುತ್ತಾ?

ಉತ್ತರ: ಅವರ ಮಾತು ಸುಳ್ಳಲ್ಲ. ಅವರು ಕಂಡ ಮಳೆಗೆ ಅದು ಸರಿ. ಈಗ ಮಳೆಯೇ ಬೇರೆ ಆಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿಯುತ್ತದೆ. ಸುರಿಯುವಾಗ ಅದನ್ನೂ ಸೇರಿಸಿ ಸುರಿಯುತ್ತದೆ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ, ದೊಡ್ಡ ಪ್ರದೇಶದ ಮೇಲೆ ಬೀಳುವ ಅತಿ ಭಾರೀ ಮಳೆಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆ ಅಂತ ಅಧ್ಯಯನ ಇದೆ. ಇಡೀ ವರ್ಷದ ಮಳೆ ಅಷ್ಟೇ ಇದ್ದರೂ ನಾಲ್ಕೈದು ದಿನದಲ್ಲೇ ಸುರಿದರೆ ಹೊಳೆ ಏನು ಮಾಡಬೇಕು ಹೇಳಿ.

ಅದಕ್ಕೇ ನಾನು ಹೇಳೋದು: ಹಳೆಯ ಗುರುತನ್ನು ನೀರು ಬರುವ ಕೊನೆಯ ಮಿತಿ ಅಂತ ತಿಳಿಯಬೇಡಿ. 2019ರ ಗೆರೆಗಿಂತ ಕನಿಷ್ಠ ಮೂರು ಅಡಿ ಮೇಲಿರುವ ಜಾಗವನ್ನೇ ಕಾಳಜಿ ಕೇಂದ್ರಕ್ಕೆ, ಅಂದರೆ ಮನೆ ಬಿಟ್ಟು ಬಂದವರು ಉಳಿಯುವ ಜಾಗಕ್ಕೆ, ಆರಿಸಿ. ಮೂರು ಅಡಿ ಅನ್ನೋದು ಕಾನೂನಿನ ಮಾತಲ್ಲ, ನಾನು ಇಟ್ಟುಕೊಳ್ಳುವ ಅಂದಾಜು. ಕೇಂದ್ರ ಅಂತ ಹೆಸರು ಬರೆದ ಶಾಲೆಗೆ ಹೋಗುವ ದಾರಿಯಲ್ಲೇ ಹಳ್ಳ ಇದ್ದರೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಒಂದು ಸಲ ನಡೆದು ನೋಡಿ.

ಮತ್ತೆ ಮೊದಲು ಕೇಳಿದ ಸದಸ್ಯೆ: ಸರ್, ಡಂಗುರ ಸಾರಿದರೂ ಜನ ಮನೆ ಬಿಡಲ್ಲ. ಪೊಲೀಸರು ಬಂದು ಬೈದರೂ ಬಿಡಲ್ಲ.

ಉತ್ತರ: ದನ ಬಿಟ್ಟು ಹೇಗೆ ಬರ್ತಾರೆ ಅಕ್ಕಾ? ಒಂದು ಎಮ್ಮೆ ಅಂದರೆ ಆ ಮನೆಯ ದಿನದ ಖರ್ಚು, ಸಾಲದ ಕಂತು ಎಲ್ಲಾ. ಜನ ಹಟಮಾರಿಗಳು ಅಂತ ಬೈಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲು ದನಗಳಿಗೆ ಜಾಗ ಮಾಡಿ. ಎತ್ತರದಲ್ಲಿ ಒಂದು ಬಯಲು, ಮೇವು, ನೀರಿನ ತೊಟ್ಟಿ, ಗೂಟ, ಹಗ್ಗ, ರಾತ್ರಿ ಕಾವಲಿಗೆ ಇಬ್ಬರು. ಯಾರ ಟ್ರ್ಯಾಕ್ಟರ್ ಯಾವ ಓಣಿಗೆ ಬರುತ್ತದೆ, ಡೀಸೆಲ್ ದುಡ್ಡು ಯಾರು ಕೊಡುತ್ತಾರೆ ಅನ್ನೋದನ್ನು ಮೇ ತಿಂಗಳಲ್ಲೇ ಗ್ರಾಮಸಭೆಯಲ್ಲಿ ಬರೆದು ಸಹಿ ಹಾಕಿಸಿ. ದನ ಹಗಲಲ್ಲೇ ಏರಿದರೆ ಸಂಜೆಗೆ ಮನೆಯವರೂ ಏರುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಪಟ್ಟಿ ಆಶಾ ಕಾರ್ಯಕರ್ತೆಯರ ಹತ್ತಿರ ಮಾಡಿಸಿ: ದಿನ ತುಂಬಿದ ಬಸುರಿಯರು, ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ಮುದುಕರು. ಪ್ರತಿ ಹೆಸರಿನ ಮುಂದೆ ಅವರನ್ನು ಎತ್ತಿಕೊಂಡು ಬರುವವರ ಹೆಸರು ಇರಬೇಕು. ಬರೀ ಮನೆ ನಂಬರ್ ಸಾಲದು.

ಪ್ರಶ್ನೆ: ಇದೆಲ್ಲ ತಹಶೀಲ್ದಾರರ ಕೆಲಸ ಅಲ್ವಾ? ಪಂಚಾಯಿತಿಗೆ ಅಧಿಕಾರ ಎಲ್ಲಿದೆ?

ಉತ್ತರ: ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆ ಅಂದರೆ ಪಂಚಾಯಿತಿಯೂ ಸೇರುತ್ತದೆ. ಸಿಬ್ಬಂದಿಗೆ ತರಬೇತಿ ಕೊಡಿಸುವುದು, ಸಾಮಾನು ಸಜ್ಜಾಗಿಡುವುದು ಅದರ ಕರ್ತವ್ಯ ಅಂತ 41ನೇ ಕಲಮು ಹೇಳುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಗ್ರಾಮಸಭೆಯ ಠರಾವನ್ನು ಅಲ್ಲಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ನಿಮ್ಮದು ಎಲ್ಲಿದೆ, ಅದರ ಮೇಲೆ ಗಿಡದ ಟೊಂಗೆ ಬಾಗಿದೆಯಾ ಅಂತ ನೋಡಿ ಬನ್ನಿ.

ಪ್ರಶ್ನೆ: ಹಳ್ಳಕ್ಕೆ ತಡೆಗೋಡೆ ಕಟ್ಟಿಸಿದರೆ ಸಾಕಾಗಲ್ವಾ ಸರ್?

ಉತ್ತರ: ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆ ಅಂದರೆ ಸುಮಾರು 4 ಲಕ್ಷ ಲೀಟರ್ ನೀರು. ಅದು ಎಲ್ಲಾದರೂ ಹೋಗಲೇಬೇಕು. ಗೋಡೆ ಕಟ್ಟಿ ಮೋರಿ ಚಿಕ್ಕದಾಗಿ ಬಿಟ್ಟರೆ, ಹೊಳೆಯ ನೀರು ತಡೆದರೂ ಊರೊಳಗಿನ ಮಳೆ ನೀರು ಗೋಡೆಯ ಈಚೆ ನಿಂತುಬಿಡುತ್ತದೆ. ಮೊದಲು ಹಳ್ಳದ ಒತ್ತುವರಿ ಅಳೆಸಿ. ಮೋರಿಗಳಲ್ಲಿ ಸಿಕ್ಕಿಕೊಂಡ ಕಬ್ಬಿನ ರವದಿ, ಪ್ಲಾಸ್ಟಿಕ್ ತೆಗೆಸಿ. ಒಂದು ಜೆಸಿಬಿಗೆ ಎರಡು ದಿನದ ಕೆಲಸ. ಅದಾದ ಮೇಲೂ ಗೋಡೆ ಬೇಕು ಅನ್ನಿಸಿದರೆ ಅಳತೆ ತಗೊಂಡು ಇಲ್ಲಿ ಹಾಕಿ, ಕೂತು ನೋಡೋಣ.