ಬ್ಯಾಗ್‌ಪೈಪ್ ಕೇಳಿದರೆ ಊರಿನ ಓಲಗ ನೆನಪಾಗುವುದೇಕೆ?

ಮಲೆನಾಡಿನವಳು:

ಎಡಿನ್‌ಬರೋಗೆ ಬಂದು ಎಂಟು ತಿಂಗಳಾಯಿತು. ಕೆಲಸಕ್ಕೆ ಹೋಗುವ ದಾರಿಯಲ್ಲಿ, ರಾಯಲ್ ಮೈಲ್ ರಸ್ತೆಯ ಒಂದು ತಿರುವಿನಲ್ಲಿ ಒಬ್ಬರು ನಿತ್ಯವೂ ಬ್ಯಾಗ್‌ಪೈಪ್ ನುಡಿಸುತ್ತಾರೆ. ಜೊತೆಯವರು ಕಿವಿ ಮುಚ್ಚಿಕೊಂಡು ದಾಟುತ್ತಾರೆ. ನನಗೆ ಮಾತ್ರ ಅಲ್ಲಿಂದ ಕಾಲು ಕೀಳಲು ಮನಸ್ಸೇ ಬರುವುದಿಲ್ಲ. ಮೊದಲ ಸಲ ಕೇಳಿದ ದಿನ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಕೇಳಿದ ಓಲಗ ಕಿವಿಗೆ ಬಂದು ಕಣ್ಣು ತುಂಬಿತು.

ಇವೆರಡಕ್ಕೂ ನಿಜವಾಗಿ ನಂಟಿದೆಯೇ, ಇಲ್ಲ ಬರೀ ಊರಿನ ಹಂಬಲವೇ? ಈ ವಾದ್ಯ ಸ್ಕಾಟ್ಲೆಂಡಿನಲ್ಲೇ ಹುಟ್ಟಿದ್ದೇ? ಹಿಂದೆ ಕಾನೂನು ಮಾಡಿ ಇದನ್ನು ನಿಷೇಧಿಸಿದ್ದರು ಎಂದು ಇಲ್ಲಿ ಹಲವರು ಹೇಳುತ್ತಾರೆ, ಅದು ಹೌದೇ?

ನಿವೃತ್ತ ಪೈಪರ್, ಹಾಸನ:

ನಂಟು ಇದೆಯಮ್ಮ. ನಾನು ಸೇನೆಯ ಪೈಪ್ ಬ್ಯಾಂಡಿನಲ್ಲಿ ಹದಿನೇಳು ವರ್ಷ ಈ ವಾದ್ಯ ನುಡಿಸಿದವನು. ಅದಕ್ಕೂ ಮೊದಲು, ಓಲಗ ಊದುತ್ತಿದ್ದ ನಮ್ಮ ತಾತನ ಪಕ್ಕದಲ್ಲಿ ಕುಳಿತು ಶ್ರುತಿ ಹಿಡಿದವನು. ಎರಡನ್ನೂ ಊದಿ ಬಲ್ಲೆ.

ಶ್ರುತಿ ಎಂದರೆ ಹಿನ್ನೆಲೆಯಲ್ಲಿ ಎಡೆಬಿಡದೆ ಹರಿಯುವ ಆಧಾರ ನಾದ, ಅದನ್ನು ಊದುವವನು ನಡುವೆ ನಿಲ್ಲಿಸುವಂತಿಲ್ಲ. ಮೂಗಿನಿಂದ ಉಸಿರೆಳೆದುಕೊಳ್ಳುತ್ತಲೇ ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಹೊರಕ್ಕೆ ಒತ್ತಬೇಕು. ತಾತ ಇದನ್ನು ಕಲಿಸಿದ್ದು ಚೊಂಬಿನ ನೀರಿನಲ್ಲಿ ಪಪ್ಪಾಯಿ ಎಲೆಯ ದಂಟು ಅದ್ದಿ ಊದಿಸಿ. ಗುಳ್ಳೆ ನಿಂತರೆ ಮೊದಲಿನಿಂದ ಶುರು. ಬ್ಯಾಗ್‌ಪೈಪಿನಲ್ಲಿ ಆ ಕೆನ್ನೆಯ ಕೆಲಸವನ್ನು ಚರ್ಮದ ಚೀಲ ಮಾಡುತ್ತದೆ. ಊದಿದಾಗ ಚೀಲ ತುಂಬುತ್ತದೆ. ನಾವು ಉಸಿರೆಳೆದುಕೊಳ್ಳುವಾಗ ತೋಳು ಅದನ್ನು ಅದುಮುತ್ತದೆ. ಒತ್ತಡ ತುಸು ಏರುಪೇರಾದರೂ ನಾದ ಅಲುಗುತ್ತದೆ. ನಿಮ್ಮ ಕಿವಿ ಗುರುತು ಹಿಡಿದದ್ದು ಆ ಮುರಿಯದ ಉಸಿರನ್ನು. ಜೊತೆಗೆ, ಸ್ವರ ನುಡಿಸುವ ಕೊಳವೆಯಲ್ಲಿ, ಅಂದರೆ ಚಾಂಟರ್‌ನಲ್ಲಿ ಇರುವುದೂ ಓಲಗದಲ್ಲಿರುವಂತೆ ಎರಡು ಎಸಳಿನ ರೀಡ್, ಅಂದರೆ ಗಾಳಿಗೆ ಕಂಪಿಸಿ ನಾದ ಹುಟ್ಟಿಸುವ ಜೊಂಡಿನ ಸೀಳು.

ಹೆಗಲ ಮೇಲೆ ನಿಂತಿರುವ ಮೂರು ಕೊಳವೆಗಳೇ ಶ್ರುತಿ. ಎರಡು ಒಂದೇ ಸ್ಥಾಯಿಯವು, ಉದ್ದನೆಯದು ಅವಕ್ಕಿಂತ ಒಂದು ಸ್ಥಾಯಿ ಕೆಳಗೆ. ಕೊಳವೆಯ ಕೀಲುಗಳಿಗೆ ಮೇಣ ಹಚ್ಚಿದ ನಾರಿನ ದಾರ ಸುತ್ತಿರುತ್ತೇವೆ. ಕೊಳವೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ಶ್ರುತಿ ಕೂಡಿಸಬೇಕು. ಕೂಡದಿದ್ದರೆ ವಾಂವ್ ವಾಂವ್ ಎಂದು ನಾದ ತೂಗುತ್ತದೆ. ತೂಗಾಟ ನಿಧಾನವಾಗುತ್ತಾ ಬಂದು ಒಮ್ಮೆಲೇ ನಿಂತುಹೋಗುತ್ತದಲ್ಲ, ಆ ಗಳಿಗೆಗಾಗಿ ನಾನು ಹದಿನೇಳು ವರ್ಷ ಬೆಳಿಗ್ಗೆ ಐದಕ್ಕೆ ಎದ್ದಿದ್ದೇನೆ. ಜನವರಿ 29ರಂದು ದೆಹಲಿಯ ವಿಜಯ್ ಚೌಕ್‌ನಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಎಂಬ ಸೇನಾ ವಾದ್ಯಮೇಳಕ್ಕೆ ಅಭ್ಯಾಸ ಮಾಡುವಾಗ ಚಳಿಗೆ ಶ್ರುತಿ ಇಳಿದುಬಿಡುತ್ತಿತ್ತು. ಸರದಿ ಬರುವವರೆಗೂ ಚಾಂಟರನ್ನು ಕೋಟಿನೊಳಗೆ ಎದೆಗೆ ಒತ್ತಿ ಹಿಡಿದು ಬೆಚ್ಚಗಿಡುತ್ತಿದ್ದೆವು.

ಇನ್ನು ಹುಟ್ಟು. ಆಡು ಕುರಿ ಇದ್ದ ಕಡೆ ಚರ್ಮದ ಚೀಲ, ಜೊಂಡು ಇದ್ದ ಕಡೆ ರೀಡ್. ಇಂಥದ್ದನ್ನು ಒಂದೇ ದೇಶದ ಹೆಸರಿಗೆ ಬರೆಯಲಾಗದು. ರೋಮಿನ ನೀರೋ ಚಕ್ರವರ್ತಿ ಜನರೆದುರು ಇದನ್ನು ನುಡಿಸುವುದಾಗಿ ಹರಕೆ ಹೊತ್ತಿದ್ದನೆಂದು ರೋಮನ್ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಸ್ಪೇನಿನಲ್ಲಿ 13ನೇ ಶತಮಾನದ ದೊರೆ ಹತ್ತನೇ ಅಲ್ಫೋನ್ಸೊನ ಭಕ್ತಿಗೀತೆಗಳ ಹಸ್ತಪ್ರತಿಯಲ್ಲಿ ಪೈಪರುಗಳ ಚಿತ್ರಗಳಿವೆ. ಟುನೀಸಿಯದ ಮೆಜ಼ೂದ್, ಇರಾನಿನ ಬುಶಹರ್ ಕಡೆಯ ನೆಯ್-ಅಂಬಾನ್, ಟರ್ಕಿಯ ಕಪ್ಪುಸಮುದ್ರದ ದಂಡೆಯ ತುಲುಮ್, ಎಲ್ಲವೂ ಇದೇ ಕುಲ. ತುಲುಮ್‌ಗೆ ಶ್ರುತಿಕೊಳವೆಯೇ ಇಲ್ಲ, ಜೋಡಿ ಚಾಂಟರ್ ಮಾತ್ರ; ಅದರ ಕುಣಿತದ ರಭಸ ಕೇಳಿಯೇ ತಿಳಿಯಬೇಕು. ಐರಿಷರದು ಬಾಯಿಂದ ಊದುವ ವಾದ್ಯವೇ ಅಲ್ಲ, ಕಮ್ಮಾರನ ಕುಲುಮೆಯಲ್ಲಿರುವಂಥ ತಿದಿಯನ್ನು ಮೊಳಕೈಯಲ್ಲಿ ಒತ್ತಿ ಕುಳಿತು ನುಡಿಸುವಂಥದ್ದು. ನಮ್ಮ ಪಕ್ಕದ ಆಂಧ್ರದಲ್ಲೂ ಇಡೀ ಆಡಿನ ಚರ್ಮದ 'ತಿತ್ತಿ' ಎಂಬ ಶ್ರುತಿವಾದ್ಯವಿದೆ. ಗಢವಾಲದಲ್ಲಿ ಬ್ರಿಟಿಷ್ ಸೇನೆಯಿಂದ ಬಂದ ಬ್ಯಾಗ್‌ಪೈಪೇ ಮಶಕ್‌ಬೀನ್ ಆಗಿ ಮದುವೆ ದಿಬ್ಬಣದ ಮುಂದೆ ನಡೆಯುತ್ತದೆ. ಮಶಕ್ ಎಂದರೆ ನೀರು ಹೊರುವ ತೊಗಲಿನ ಚೀಲ. ನನ್ನ ಗಢವಾಲಿ ಗೆಳೆಯ ಇದನ್ನು ಪರದೇಶದ ವಾದ್ಯವೆಂದು ಒಂದು ದಿನವೂ ಭಾವಿಸಲಿಲ್ಲ.

ನಿಷೇಧದ ಮಾತು ಅರ್ಧ ಮಾತ್ರ ನಿಜ. ಹೈಲ್ಯಾಂಡ್, ಅಂದರೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯವರ ದಂಗೆಯನ್ನು ಅಡಗಿಸಿ ಬ್ರಿಟಿಷ್ ಸರ್ಕಾರ ತಂದ 1746ರ ಕಾಯಿದೆ ಆಯುಧಗಳನ್ನೂ ಹೈಲ್ಯಾಂಡ್ ಉಡುಪನ್ನೂ ಹೆಸರಿಸುತ್ತದೆ, ಪೈಪನ್ನಲ್ಲ. ಆದರೆ ಅದೇ ವರ್ಷ ಜೇಮ್ಸ್ ರೀಡ್ ಎಂಬ ಪೈಪರನನ್ನು ಯಾರ್ಕ್ ಊರಿನಲ್ಲಿ ಗಲ್ಲಿಗೇರಿಸಿದರು. ಅವನು ಖಡ್ಗ ಹಿಡಿದವನಲ್ಲ, ಬಂದೂಕು ಹೊತ್ತವನಲ್ಲ. ಪೈಪರನಿಲ್ಲದೆ ಹೈಲ್ಯಾಂಡ್ ಪಡೆ ಹೊರಡುವುದಿಲ್ಲ, ಆದ್ದರಿಂದ ಪೈಪೂ ಯುದ್ಧದ ಸಾಧನವೇ ಎಂದಿತು ನ್ಯಾಯಾಲಯ. ಆ ಹೆಸರು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವೀಣೆಯ ವಿದ್ಯಾರ್ಥಿ:

ಹಿರಿಯರಿಗೆ ನಮಸ್ಕಾರ. ಎರಡು ಸಂದೇಹ. ಚಾಂಟರ್‌ನ ಸ್ವರಗಳು ನನಗೆ ಹರಿಕಾಂಭೋಜಿ ರಾಗದಂತೆ ಕೇಳುತ್ತವೆ, ಸರಿಯೇ? ಗಾಳಿ ನಿಲ್ಲುವುದೇ ಇಲ್ಲವೆಂದರೆ ಒಂದೇ ಸ್ವರವನ್ನು ಎರಡು ಸಲ ನುಡಿಸುವುದು ಹೇಗೆ?

ನಿವೃತ್ತ ಪೈಪರ್, ಹಾಸನ:

ಸರಿಯಾಗಿ ಹಿಡಿದಿದ್ದೀರಿ. ಒಟ್ಟು ಒಂಬತ್ತೇ ಸ್ವರ. ಕೆಳಗಿನ ಕೈಶಿಕಿ ನಿಷಾದದಿಂದ ಹಿಡಿದು ಮೇಲಿನ ಷಡ್ಜದವರೆಗೆ ಹರಿಕಾಂಭೋಜಿಯ ಮೆಟ್ಟಿಲುಗಳೇ. ಮಧ್ಯಮ ನಿಷಾದ ಬಿಟ್ಟರೆ ಮೋಹನ, ಗಾಂಧಾರ ಧೈವತ ಬಿಟ್ಟರೆ ಮಧ್ಯಮಾವತಿ. ಕೆಲವು ಧಾಟಿಗಳು ಮಧ್ಯಮವನ್ನೇ ಆಧಾರ ಮಾಡಿಕೊಳ್ಳುತ್ತವೆ. ಶ್ರುತಿ ಕದಲುವುದಿಲ್ಲವಾದ್ದರಿಂದ ಆಗ ಆ ಶ್ರುತಿಯೇ ಪಂಚಮವಾಗಿ ಕೇಳಿಸುತ್ತದೆ.

ಎರಡನೆಯದೇ ಈ ವಾದ್ಯದ ಜೀವ. ಜೋರು, ಮೆಲ್ಲಗೆ ಎಂಬುದಿಲ್ಲ. ನಾಲಿಗೆಯಿಂದ ಕತ್ತರಿಸೋಣವೆಂದರೆ ರೀಡ್ ಬಾಯಲ್ಲಿಲ್ಲ. ಹಾಗಾಗಿ ಎರಡು ಸ್ವರಗಳ ನಡುವೆ ಬೆರಳು ಮಿಂಚಿನಂತೆ ಎತ್ತಿ ಇನ್ನೊಂದು ಸ್ವರವನ್ನು ಚಿಮ್ಮಿಸಬೇಕು. ಅದಕ್ಕೆ ಗ್ರೇಸ್‌ನೋಟ್ ಎನ್ನುತ್ತಾರೆ. ನಮ್ಮ ಗಮಕ ಸ್ವರವನ್ನು ತೂಗುತ್ತದೆ, ಇದು ಕತ್ತರಿಸುತ್ತದೆ. ಆರು ತಿಂಗಳು ಬರೀ ಅಭ್ಯಾಸದ ಚಾಂಟರ್ ಹಿಡಿದು ಇದನ್ನೇ ತಿದ್ದಿದೆ. ಅಲ್ಲಿಯವರೆಗೆ ಚೀಲ ಮುಟ್ಟಲು ಉಸ್ತಾದರು ಬಿಡಲಿಲ್ಲ.

ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಮ್ಯಾಕ್ಲೌಡ್ ಒಡೆಯರ ಆಶ್ರಯದಲ್ಲಿದ್ದ ಮ್ಯಾಕ್ರಿಮನ್ ಮನೆತನ ತಲೆಮಾರುಗಳ ಕಾಲ ಈ ವಿದ್ಯೆ ಕಲಿಸಿತು. ಅವರ ಪರಂಪರೆಯಲ್ಲಿ ಪಾಠ ಹಾಡಿನಲ್ಲೇ. 'ಹಿಹಾರಿನ್' ಎಂಬಂಥ ಉಚ್ಚಾರಗಳಲ್ಲಿ ಸ್ವರವನ್ನೂ ಬೆರಳಿನ ಚಿಮ್ಮನ್ನೂ ಒಟ್ಟಿಗೆ ಬಾಯಿಪಾಠ ಮಾಡಿಸುತ್ತಿದ್ದರು, ಮೃದಂಗದವರು ತಕಧಿಮಿ ಹೇಳಿಸುವ ಹಾಗೆ. ಅವರ ದೊಡ್ಡ ಕೃತಿಗಳಿಗೆ ಪಿಬ್ರಾಕ್ ಎಂದು ಹೆಸರು. ಮೊದಲ ಭಾಗ 'ಊರ್ಲರ್', ಗೇಲಿಕ್‌ನಲ್ಲಿ ನೆಲ ಎಂದರ್ಥ. ಆ ನೆಲದಿಂದ ಎದ್ದು, ಬೆರಳ ಕೆಲಸ ದಟ್ಟವಾಗುತ್ತಾ ಹೋಗಿ, ಕೊನೆಗೆ ಮತ್ತೆ ಅದೇ ನೆಲಕ್ಕೆ ಇಳಿಯುತ್ತಾರೆ. ಮಲೆನಾಡಿನ ತಂಗಿಗೆ ನನ್ನ ಒಂದೇ ಕೋರಿಕೆ: ಬೀದಿಯಲ್ಲಿ ಕೇಳಿದ್ದು ಸಾಕು, ಒಂದು ಪೂರ್ತಿ ಪಿಬ್ರಾಕ್ ಕುಳಿತು ಕೇಳಿ.

ಸೋಫಿಯಾದಿಂದ:

ಬಲ್ಗೇರಿಯದ ಹೆಸರು ಯಾರೂ ಎತ್ತಲಿಲ್ಲವಲ್ಲ! ಇಲ್ಲಿನ ರೊಡೊಪೆ ಬೆಟ್ಟಗಳಲ್ಲಿ ಕಬಾ ಗಾಯ್ದಾ ಎಂಬ ಬ್ಯಾಗ್‌ಪೈಪ್ ಇದೆ. ಇಡೀ ಆಡಿನ ಚರ್ಮ, ಕತ್ತಿನ ಜಾಗದಲ್ಲಿ ಚಾಂಟರ್, ಮುಂಗಾಲುಗಳ ಜಾಗದಲ್ಲಿ ಊದುಕೊಳವೆ ಮತ್ತು ಶ್ರುತಿ. ಸ್ಕಾಟ್ಲೆಂಡಿನದರಂತೆ ಚುಚ್ಚುವುದಿಲ್ಲ, ತಗ್ಗಿನ ದನಿ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ಧ್ವನಿಮುದ್ರಿತ ತಟ್ಟೆಯಲ್ಲಿ ವಾಲ್ಯ ಬಲ್ಕಾನ್ಸ್ಕಾ ಹಾಡಿದ ಹಾಡಿಗೆ ಜೊತೆಯಾಗಿರುವುದು ಎರಡು ಗಾಯ್ದಾಗಳೇ. ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಎರಡರಲ್ಲೂ ಹಿಂದೆ ಶ್ರುತಿ ಹರಿಯುತ್ತಲೇ ಇರುತ್ತದೆ, ಒಂದಾದ ಮೇಲೊಂದು ಕೇಳಿ ನೋಡಿ.

ಮಲೆನಾಡಿನವಳು:

ಎಲ್ಲರಿಗೂ ಕೃತಜ್ಞತೆ. ಇಂದು ಸಂಜೆ ಧೈರ್ಯ ಮಾಡಿ ಆ ಪೈಪರನ್ನು ಮಾತನಾಡಿಸಿದೆ. ಹಾಸನದ ಅಣ್ಣ ಹೇಳಿದ ತೂಗಾಟದ ಬಗ್ಗೆ ಕೇಳಿದಾಗ ಅವರ ಮುಖ ಅರಳಿತು. ಬೇಕೆಂದೇ ಒಂದು ಕೊಳವೆಯನ್ನು ಸರಿಸಿ ಶ್ರುತಿ ಕೆಡಿಸಿದರು, ನನ್ನ ಅಂಗೈಯನ್ನು ಚೀಲದ ಮೇಲೆ ಇರಿಸಿಕೊಂಡು ನಿಧಾನವಾಗಿ ಕೂಡಿಸುತ್ತಾ ಬಂದರು. ವಾಂವ್... ವಾಂವ್... ಮತ್ತೆ ಒಮ್ಮೆಲೇ ನೆಟ್ಟಗಾಯಿತು. ಅಣ್ಣಾ, ಬೆಳಿಗ್ಗೆ ಐದಕ್ಕೆ ನೀವು ಏಳುತ್ತಿದ್ದದ್ದು ಯಾವುದಕ್ಕೆಂದು ನನ್ನ ಕೈಗೆ ತಿಳಿಯಿತು. ಶನಿವಾರ ಇಲ್ಲೊಂದು ಕಡೆ ಪಿಬ್ರಾಕ್ ನುಡಿಸುತ್ತಾರಂತೆ, ಹೋಗಿ ಬಂದು ಬರೆಯುತ್ತೇನೆ.