ತಗಡಿನ ಗದ್ದೆ: ಹಳೆ ವಿದ್ಯಾರ್ಥಿಗಳ ಗುಂಪು, ಮಡಿಕೇರಿ (ಹೆಸರಿನ ಬದಲು ಅವರವರ ವಿಭಾಗ ಅಥವಾ ಕೆಲಸ)

ಕಂಪ್ಯೂಟರ್: [ವಿಡಿಯೊ] ಹುತ್ತರಿಗೆ ಮುಂಚಿನ ಗದ್ದೆ ಥರಾನೇ ಅಲೆ ಏಳ್ತಿದೆ ನೋಡಿ. 10 ಸೆಂ.ಮೀ. ಚೌಕದ 1,200 ತಗಡು, ಒಂದೊಂದಕ್ಕೂ ಪುಟ್ಟ ಮೋಟಾರು. ಅಲೆ ಪರ್ಲಿನ್ ನಾಯ್ಸ್‌ನದು, ಅಂದ್ರೆ ಸಹಜವಾಗಿ ಕಾಣೋ ಏರಿಳಿತ ಹುಟ್ಟಿಸೋ ಕೋಡ್. ಕಾಲೇಜು ಇಳಿಜಾರಿಗೆ ಒಂದು ಮಾಡೋಣ್ವಾ?

ಮೆಕ್ಯಾನಿಕಲ್: 1,200 ಮೋಟಾರಾ? ಕಕ್ಕಡದ ಜಡಿಮಳೆ ಮುಗಿಯೋದ್ರೊಳಗೆ ಅರ್ಧ ಸತ್ತಿರತ್ತೆ. ಗಾಳಿ ಒಂದು ಕಡೆ, ತಗಡು ಇನ್ನೊಂದು ಕಡೆ ಆಡೋದು ಬೇರೆ. ಗದ್ದೇಲಿ ತೆನೆ ಮೇಲೆ ಗಾಳಿ ಜೋರು, ಪೈರಿನೊಳಗೆ ನಿಧಾನ. ಆ ವ್ಯತ್ಯಾಸಕ್ಕೇ ಸುಳಿ ಹುಟ್ಟಿ ಅಲೆ ಓಡೋದು. ಗಾಳಿಯೇ ಆಡಿಸಲಿ ಬಿಡಿ.

ಕಂಪ್ಯೂಟರ್: ಹಾಗಾದ್ರೆ ಕೋಡ್ ಯಾಕೆ?

ಮೆಕ್ಯಾನಿಕಲ್: ತಗಡು ತೂಗಾಡೋ ಅಡ್ಡ ಪಿನ್ ಎಲ್ಲಿ ತೂರಿಸ್ಬೇಕು ಅಂತ ಹೇಳೋಕೆ. ಅರ್ಧ ಮಿ.ಮೀ. ಅಲ್ಯೂಮಿನಿಯಂ ಆದ್ರೆ ಒಂದು ತಗಡು 13.5 ಗ್ರಾಂ. ಮೇಲಂಚಲ್ಲಿ ನೇತುಹಾಕಿದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 2 ಸಲ ಪಟಪಟ ಅನ್ನತ್ತೆ. ತೆನೆ ಹಾಗೆ ಆಡಲ್ಲ. ನಡುವಿಂದ 1.65 ಮಿ.ಮೀ. ಮಾತ್ರ ಮೇಲೆ ಪಿನ್ ಕೊಟ್ರೆ 0.7 ಸಲ.

ಸಿವಿಲ್: ಮಳೆ ಬಂದಾಗ?

ಮೆಕ್ಯಾನಿಕಲ್: ಅಲ್ಲೇ ಕೆಡೋದು. ಕೆಳಂಚಲ್ಲಿ ಹತ್ತು ಹನಿ ನೇತಾಡಿದ್ರೆ ಅರ್ಧ ಗ್ರಾಂ. ಪಿನ್‌ನಿಂದ 5 ಸೆಂ.ಮೀ. ಕೆಳಗೆ ಇರೋದ್ರಿಂದ ತಗಡನ್ನ ನೆಟ್ಟಗೆ ಎಳೆಯೋ ಬಲ ಎರಡರಷ್ಟು ದಾಟತ್ತೆ, 0.7 ಹೋಗಿ 0.97 ಆಗತ್ತೆ. ಅದೇ ನೀರು ಮೇಲಂಚಲ್ಲಿ ನಿಂತ್ರೆ ತಗಡು ತಲೆಕೆಳಗು!

ಕಂಪ್ಯೂಟರ್: ಪಿನ್ 5 ಮಿ.ಮೀ. ಮೇಲೆ ಹಾಕಿ. ಒಣ ದಿನ 1.2, ಮಳೇಲಿ 1.34. ವ್ಯತ್ಯಾಸ ಕಣ್ಣಿಗೇ ಕಾಣಲ್ಲ.

ಮೆಕ್ಯಾನಿಕಲ್: ಅದು ಗದ್ದೆ ಅಲ್ಲ ಮಾರಾಯ, ಜಿಂಕ್ ಶೀಟು ನಡುಗಿದ ಹಾಗೆ. ಕೆಳಂಚನ್ನ ವಿ ಆಕಾರಕ್ಕೆ ಕತ್ತರಿಸಿ. ಹನಿಗಳು ತುದಿಗೆ ಜಾರಿ ಒಟ್ಟಾಗಿ ಬೀಳತ್ತೆ, ಉಳಿಯೋದು ಒಂದೇ. ತೂಕ ಬದಲಾಗೋದ್ರಿಂದ ಪಿನ್ ಜಾಗ ಮತ್ತೆ ಲೆಕ್ಕ ಹಾಕ್ಬೇಕು, ಅದು ನಿನ್ನ ಕೋಡಿನ ಪಾಲು. ಪಿನ್ ಕೂರೋ ಬುಷ್ (ಬಳೆ) ಮಾತ್ರ ನೈಲಾನ್ ಬೇಡ. ನೀರು ಕುಡಿದು ಉಬ್ಬಿ ಪಿನ್ನನ್ನ ಹಿಡ್ಕೊಳ್ಳತ್ತೆ. ಅಷ್ಟು ನೀರು ಕುಡಿಯದ ಅಸಿಟಾಲ್ ಪ್ಲಾಸ್ಟಿಕ್ ತಗೊಳ್ಳಿ.

ಸಿವಿಲ್: ಎಲ್ಲಾ ತಗಡೂ ಸಿಕ್ಕಿಹಾಕ್ಕೊಂಡ್ರೆ ಅದು 12 ಚದರ ಮೀಟರ್ ಗೋಡೆ ಅನ್ನೋದು ನೆನಪಿರ್ಲಿ. ಗಾಳಿ ಸೆಕೆಂಡಿಗೆ 33 ಮೀ. ಅಂದ್ಕೊಂಡ್ರೂ ಆ ವೇಗವನ್ನ ಹೆಚ್ಚಿಸೋ ಗುಡ್ಡದ ಗುಣಕ 1.36ರ ವರೆಗೆ ಹೋಗತ್ತೆ. ಒತ್ತಡಕ್ಕೆ 0.6 ಇಂಟು ವೇಗದ ವರ್ಗ ಹಾಕಿ: ಆಕಾರದ ಗುಣಕ ಸೇರಿಸೋ ಮುಂಚೆಯೇ ಒಂದೂವರೆ ಟನ್. ಅದಕ್ಕೆ ಅಂತ ಇಳಿಜಾರು ಕಡಿದು ಪಾಯ ತೆಗೆಯೋದಾ? 2018ರ ಆಗಸ್ಟಲ್ಲಿ ಗುಡ್ಡ ಕುಸಿದದ್ದು ಮರೆತ್ರಾ? ಸಮತಟ್ಟು ಜಾಗ, ಸುತ್ತ ಚರಂಡಿ. ಇಲ್ಲಾಂದ್ರೆ ನಾನಿಲ್ಲ.

ತೋಟ: ಜೇಡನ ಲೆಕ್ಕ ಯಾರೂ ಹಾಕ್ಲಿಲ್ಲ. ಎರಡು ತಗಡಿನ ಮಧ್ಯೆ ಬಲೆ ಕಟ್ಟಿದ್ರೆ ಮುಗೀತು, ಎರಡೂ ಒಂದೇ ಥರ ಆಡತ್ತೆ. ಪಾಚಿ ಬೇರೆ. ವರ್ಷಕ್ಕೊಂದ್ಸಲ ತೊಳೆಯೋಕೆ ಆಳು ಯಾರು?

ಕಂಪ್ಯೂಟರ್: 5 ಮಿ.ಮೀ.ನೇ ಸರಿ. ಬಲೆ ಕಟ್ಟಿದ್ರೂ ಕಿತ್ಕೊಂಡು ಆಡತ್ತೆ.

ಸಿವಿಲ್: ಎರಡೂ ಥರ ಹತ್ತತ್ತು ಮಾಡಿ, ಜೂನ್‌ಗೆ ಮುಂಚೆ ನೇತುಹಾಕಿ. ಜೇಡ ಯಾವುದಕ್ಕೆ ಮೊದಲು ಬಲೆ ಕಟ್ಟತ್ತೆ ನೋಡೋಣ.