ಬ್ಲಾಕ್ ತೆಗೆಯೋ ಮುಂಚೆ ಏನೇನು ತಿಳ್ಕೊಂಡಿರಬೇಕು? ಅನುಭವ ಇದ್ದವರು ಹೇಳಿ

ಮೌನಿ (ಪ್ರಶ್ನೆ ಕೇಳಿದವರು)

ಹತ್ತಿರದ ಗೆಳತಿಯೊಬ್ಬಳನ್ನು ಜಗಳ ಆದಾಗ ಎಲ್ಲ ಕಡೆ ಬ್ಲಾಕ್ ಮಾಡಿದ್ದೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಕೊನೆಗೆ ಫೋನ್ ನಂಬರ್ ಕೂಡ. ಆಗ ನನಗೆ ಅದು ಬೇಕಿತ್ತು. ಈಗ ಸಿಟ್ಟು ಇಳಿದಿದೆ, ತೆಗೆಯೋಣ ಅನ್ನಿಸುತ್ತಿದೆ. ಮೂರು ಅನುಮಾನ. ತೆಗೆದರೆ ಅವಳಿಗೆ ಗೊತ್ತಾಗುತ್ತಾ? ಅವಳು ಆಗ ಕಳಿಸಿದ ಮೆಸೇಜ್‌ಗಳೆಲ್ಲ ಈಗ ಒಟ್ಟಿಗೆ ಬಂದು ಬೀಳುತ್ವಾ? ತೆಗೆದ ಮೇಲೆ ನಾನೇ ಮೊದಲು ಮಾತಾಡಿಸಬೇಕಾ, ಸುಮ್ನೆ ಇರಬೇಕಾ?

ಅರ್ಧ ಚಾರ್ಜ್

ಮೊದಲ ಎರಡಕ್ಕೆ ನೇರ ಉತ್ತರ. ‘ನಿಮ್ಮನ್ನು ಅನ್‌ಬ್ಲಾಕ್ ಮಾಡಿದ್ದಾರೆ’ ಅಂತ ಯಾವ ಆ್ಯಪೂ ಅವಳಿಗೆ ತಿಳಿಸುವುದಿಲ್ಲ. ನೀವು ಹೇಳಿರುವ ಮೂರು ಆ್ಯಪ್‌ಗಳಲ್ಲೂ ಹಳೇ ಮೆಸೇಜ್ ಬರಲ್ಲ. ಆದರೆ ಒಂದೊಂದು ಕಡೆ ಒಂದೊಂದು ತರ್ಲೆ ಇದೆ.

ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪ್ರೈವಸಿ, ಅಲ್ಲಿ ಕೆಳಗೆ ಬ್ಲಾಕ್ಡ್ ಕಾಂಟ್ಯಾಕ್ಟ್ಸ್. ಹೆಸರು ಒತ್ತಿ ಅನ್‌ಬ್ಲಾಕ್ ಮಾಡಿದರೆ ಆಯ್ತು. ಬ್ಲಾಕ್ ಇದ್ದಾಗ ಅವಳು ಕಳಿಸಿದ ಮೆಸೇಜ್, ಮಾಡಿದ ಕಾಲ್, ಹಾಕಿದ ಸ್ಟೇಟಸ್ ಯಾವುದೂ ಆಮೇಲೆ ನಿಮಗೆ ಸಿಗಲ್ಲ. ಎಲ್ಲೋ ಸರ್ವರ್‌ನಲ್ಲಿ ಕಾದು ಕೂತಿರುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಅವಳ ಫೋನಿನಲ್ಲಿ ಆ ಮೆಸೇಜ್‌ಗಳ ಪಕ್ಕ ಒಂದೇ ಟಿಕ್ ಇರುತ್ತದೆ. ನೀವು ಬ್ಲಾಕ್ ತೆಗೆದರೂ ಅದು ಒಂದೇ ಟಿಕ್ ಆಗಿಯೇ ಉಳಿಯುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಅವಳು ಆಗಲೇ ಉದ್ದಕ್ಕೆ ಏನೋ ಬರೆದಿರಬಹುದು. ಕ್ಷಮೆ ಕೇಳಿರಬಹುದು, ಬೈದಿರಲೂಬಹುದು. ನೀವು ಅದನ್ನು ನೋಡಿಯೇ ಇಲ್ಲ. ಅವಳ ತಲೆಯಲ್ಲಿ ಮಾತ್ರ ‘ನಾನು ಹೇಳಿದ್ದೆ, ಇವಳು ಉತ್ತರ ಕೊಡಲಿಲ್ಲ’ ಅಂತಲೇ ಕೂತಿರುತ್ತದೆ. ಹೀಗೆ ಅರ್ಧ ಮಾತು ಆ ಕಡೆ, ಅರ್ಧ ಈ ಕಡೆ ಉಳಿದುಹೋದಾಗ ಬ್ಲಾಕ್ ತೆಗೆದ ವಾರದಲ್ಲೇ ಎರಡನೇ ಜಗಳ ಆಗಿದ್ದನ್ನು ನೋಡಿದ್ದೇನೆ. ಮಾತು ಶುರುವಾದ ತಕ್ಷಣ ‘ಆಗ ನೀನು ಏನಾದರೂ ಕಳಿಸಿದ್ದರೆ ನನಗೆ ಸಿಕ್ಕಿಲ್ಲ’ ಅಂತ ಹೇಳಿಬಿಡಿ. ಈ ಒಂದು ಸಾಲು ಉಳಿದ ಎಲ್ಲ ಸಲಹೆಗಿಂತ ಜಾಸ್ತಿ ಕೆಲಸ ಮಾಡುತ್ತೆ.

ಅವಳ ನಂಬರ್ ಸೇವ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಸಿಟ್ಟಲ್ಲಿ ಡಿಲೀಟ್ ಮಾಡಿದ್ದರೆ, ಬ್ಲಾಕ್ ತೆಗೆದ ಮಾತ್ರಕ್ಕೆ ಕಾಂಟ್ಯಾಕ್ಟ್ ವಾಪಸ್ ಬರಲ್ಲ. ಬ್ಲಾಕ್ ಪಟ್ಟಿಯಿಂದ ಹೆಸರು ಹೋಗುವ ಮುಂಚೆ ನಂಬರ್ ಬರೆದಿಟ್ಟುಕೊಳ್ಳಿ.

ಇನ್‌ಸ್ಟಾಗ್ರಾಮ್‌ನಲ್ಲಿ ಬ್ಲಾಕ್ ಮಾಡಿದ ಗಳಿಗೆಯಲ್ಲೇ ಇಬ್ಬರ ಫಾಲೋ ಕೂಡ ಕಿತ್ತುಹೋಗಿರುತ್ತದೆ. ತೆಗೆದ ಮೇಲೆ ಹೊಸದಾಗಿ ಫಾಲೋ ಮಾಡಬೇಕು. ನಿಮ್ಮ ಪೋಸ್ಟ್‌ಗಳಿಗೆ ಅವಳು ಕೊಟ್ಟಿದ್ದ ಲೈಕ್, ಬರೆದಿದ್ದ ಕಾಮೆಂಟ್ ಆಗಲೇ ಅಳಿಸಿಹೋಗಿವೆ, ಅವು ಮರಳಿ ಬರಲ್ಲ. ಹಳೇ ಫೋಟೊ ಕೆಳಗಿನ ತಮಾಷೆ ಮಾತೆಲ್ಲ ಹೋಯ್ತು ಅಂತಲೇ ಲೆಕ್ಕ.

ಫೇಸ್‌ಬುಕ್‌ನಲ್ಲೂ ಅಷ್ಟೇ, ಫ್ರೆಂಡ್ ರಿಕ್ವೆಸ್ಟ್ ಮತ್ತೆ ಕಳಿಸಬೇಕು. ಅಲ್ಲಿ ಇನ್ನೊಂದು ನಿಯಮ ಇದೆ: ಒಮ್ಮೆ ಬ್ಲಾಕ್ ತೆಗೆದರೆ 48 ಗಂಟೆ ಅದೇ ವ್ಯಕ್ತಿಯನ್ನು ಮತ್ತೆ ಬ್ಲಾಕ್ ಮಾಡಲು ಬಿಡಲ್ಲ. ಸುಮ್ನೆ ಪ್ರೊಫೈಲ್ ನೋಡಿ ಮತ್ತೆ ಹಾಕಿಬಿಡ್ತೀನಿ ಅನ್ನುವ ಲೆಕ್ಕಾಚಾರ ಅಲ್ಲಿ ನಡೆಯಲ್ಲ. ಮೆಸೆಂಜರ್‌ನಲ್ಲಿ ಮಾತ್ರ ಬ್ಲಾಕ್ ಮಾಡುವ ಆಯ್ಕೆ ಬೇರೆಯೇ ಇದೆ. ಅಲ್ಲಿ ಹಾಕಿದ್ದರೆ ಅಲ್ಲಿಗೂ ಹೋಗಿ ತೆಗೆಯಬೇಕು.

ಮೂರನೇ ಪ್ರಶ್ನೆಗೆ ಉತ್ತರ ನನ್ನ ಹತ್ರ ಇಲ್ಲ. ಅದನ್ನು ಅನುಭವಿಸಿದವರು ಹೇಳಲಿ.

ನೀಲಿ ಟಿಕ್ ಆಫ್

ನಾನು ಆ ಕಡೆ ಇದ್ದವಳು. ನನ್ನನ್ನು ಬ್ಲಾಕ್ ಮಾಡಿ, ಆಮೇಲೆ ತೆಗೆದಿದ್ದರು. ನೋಟಿಫಿಕೇಶನ್ ಬರಲಿಲ್ಲ ನಿಜ, ಆದರೆ ಗೊತ್ತಾಯ್ತು.

ಯಾರದೋ ಹಳೇ ಚಾಟ್ ಹುಡುಕುತ್ತಾ ಕೆಳಗೆ ಹೋಗ್ತಿದ್ದೆ. ಬೂದು ಬಣ್ಣದ ಖಾಲಿ ವೃತ್ತ ಇದ್ದ ಕಡೆ ಅವಳ ಮುಖ ಇತ್ತು. ಕೂದಲು ಕತ್ತರಿಸಿಕೊಂಡಿದ್ದಳು. ಒಳಗೆ ಹೋದರೆ ಹೆಸರಿನ ಕೆಳಗೆ ‘ಆನ್‌ಲೈನ್’ ಅಂತ ಬಂದು ಮಾಯವಾಯ್ತು. ಅದರ ಕೆಳಗೆ ನಾನು ಕಳಿಸಿದ್ದ ಒಂಟಿ ಟಿಕ್‌ನ ಸಾಲುಗಳು ಹಾಗೇ ಇದ್ದವು. ಅರ್ಧ ಚಾರ್ಜ್ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅವು ತಲುಪಿಲ್ಲ ಅಂತ ಕಣ್ಣಿಗೆ ಕಾಣುತ್ತಿತ್ತು. ಆದರೂ ‘ನೋಟಿಫಿಕೇಶನ್‌ನಲ್ಲಾದರೂ ಓದಿರ್ತಾಳೆ’ ಅಂತಲೇ ಮನಸ್ಸು ಹೇಳ್ತಿತ್ತು.

ಆಮೇಲೆ ಶುರುವಾಯ್ತು ತಲೆಬಿಸಿ. ಬೇಕಂತಲೇ ತೆಗೆದಳಾ? ಕೈ ತಾಗಿ ಹೋಯ್ತಾ? ನಾನು ಮೆಸೇಜ್ ಮಾಡಲಿ ಅಂತ ಕಾಯ್ತಿದ್ದಾಳಾ? ನಾನು ಮಾಡಿದರೆ ಮತ್ತೆ ಬ್ಲಾಕ್ ಬೀಳುತ್ತಾ? ಅವಳು ಏನೂ ಹೇಳದೆ ಇದ್ದ ಆ ದಿನಗಳು ಬ್ಲಾಕ್ ಆಗಿದ್ದ ದಿನಗಳಿಗಿಂತ ಕಷ್ಟ ಇದ್ದವು. ಬ್ಲಾಕ್ ಇದ್ದಾಗ ಕಡೇಪಕ್ಷ ಮುಗೀತು ಅಂತ ಸ್ಪಷ್ಟ ಇರುತ್ತೆ.

ಹಾಗಾಗಿ ಮೌನಿಯವರೇ, ತೆಗೆದವರೇ ಮೊದಲು ಮಾತಾಡಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಬಾಗಿಲ ಚಿಲಕ ಒಳಗಿಂದ ಹಾಕಿಕೊಂಡವರು ನೀವು. ಆ ಕಡೆಯವರು ಎಷ್ಟು ಸಲ ತಟ್ಟಬೇಕು? ಅವಳು ಕೊನೆಗೆ ನನಗೆ ಬರೆದದ್ದು ಇಷ್ಟೇ: ‘ಬ್ಲಾಕ್ ತೆಗೆದಿದ್ದೀನಿ. ಹಳೇದನ್ನ ಈಗಲೇ ಮಾತಾಡಬೇಕು ಅಂತಿಲ್ಲ. ನಿನಗೆ ಇಷ್ಟ ಇದ್ದರೆ ಉತ್ತರ ಕೊಡು, ಇಲ್ಲದಿದ್ದರೂ ಪರವಾಗಿಲ್ಲ.’ ನಾನು ಉತ್ತರ ಕೊಡಲು ತಡ ಮಾಡಿದೆ. ಆದರೆ ಆ ರಾತ್ರಿ ನಿದ್ದೆ ಬಂತು.

ಮೌನಿ

ಈ ಸಾಲು ನನಗೂ ಹೊಂದುತ್ತೆ, ಸ್ವಲ್ಪ ಬದಲಿಸಿ ಬಳಸಿಕೊಳ್ತೀನಿ. ಇನ್ನೊಂದು ಭಯ ಇದೆ. ತೆಗೆದ ತಕ್ಷಣ ಎಲ್ಲ ಮೊದಲಿನ ಥರ ಆಗಿಬಿಡಬೇಕು ಅಂತ ಅವಳು ಅಂದುಕೊಂಡರೆ? ನನಗೆ ದಿನಕ್ಕೆ ನೂರು ಮೆಸೇಜ್, ರಾತ್ರಿ ಎರಡು ಗಂಟೆ ಕಾಲ್, ಅದೆಲ್ಲ ಮತ್ತೆ ಬೇಡ.

ಕಿಟಕಿ ಸೀಟು

ಹಾಗಾದರೆ ಎಲ್ಲ ಕಡೆ ಒಟ್ಟಿಗೆ ತೆಗೆಯಬೇಡಿ. ನಾನು ನನ್ನ ಚಿಕ್ಕಪ್ಪನ ಮಗನ ವಿಷಯದಲ್ಲಿ ಮಾಡಿದ್ದು ಅದೇ. ಕೆಟ್ಟವನೇನಲ್ಲ, ಆದರೆ ಹೊತ್ತು ಗೊತ್ತು ಇಲ್ಲ. ಬೆಳಿಗ್ಗೆ ಐದಕ್ಕೇ ಫಾರ್ವರ್ಡ್‌ಗಳ ಸುರಿಮಳೆ, ನೀಲಿ ಟಿಕ್ ಬಂದರೆ ‘ಓದಿದ್ಯಲ್ಲ, ಯಾಕೆ ಮಾತಾಡ್ತಿಲ್ಲ’ ಅಂತ ತಗಾದೆ. ಬ್ಲಾಕ್ ಮಾಡಿದ್ದರೂ ಮನೆಯವರ ಗ್ರೂಪ್‌ನಲ್ಲಿ ಅವನ ಮೆಸೇಜ್ ನನಗೆ, ನನ್ನದು ಅವನಿಗೆ ಕಾಣ್ತಾನೇ ಇತ್ತು. ಗ್ರೂಪ್‌ನಲ್ಲಿ ಬ್ಲಾಕ್‌ಗೆ ಅರ್ಥ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಈಗ ವಾಟ್ಸ್‌ಆ್ಯಪ್ ಒಂದರಲ್ಲಿ ಮಾತ್ರ ತೆಗೆದಿದ್ದೇನೆ. ತೆಗೆಯುವ ಮುಂಚೆಯೇ ಒಂದಷ್ಟು ತಯಾರಿ ಮಾಡಿಕೊಂಡೆ. ಲಾಸ್ಟ್ ಸೀನ್ ಮತ್ತು ಪ್ರೊಫೈಲ್ ಫೋಟೊಗೆ ‘ಇವರನ್ನು ಬಿಟ್ಟು ಉಳಿದ ಕಾಂಟ್ಯಾಕ್ಟ್‌ಗಳಿಗೆ’ ಅನ್ನುವ ಆಯ್ಕೆ ಇದೆಯಲ್ಲ, ಅದರಲ್ಲಿ ಅವನ ಹೆಸರು ಸೇರಿಸಿದೆ. ಸ್ಟೇಟಸ್‌ಗೂ ಅದೇ. ರೀಡ್ ರಿಸೀಟ್ ಆಫ್ ಮಾಡಿದೆ, ಹಾಗೆ ಮಾಡಿದರೆ ಬೇರೆಯವರ ನೀಲಿ ಟಿಕ್ ನಮಗೂ ಕಾಣಲ್ಲ, ಅದು ಒಪ್ಪಿಗೆ ಇದ್ದರೆ ಸರಿ. ಆಮೇಲೆ ಚಾಟನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳಿದೆ. ಈಗ ಹೊಸ ಮೆಸೇಜ್ ಬಂದರೂ ಅದು ಆರ್ಕೈವ್‌ನಲ್ಲೇ ಇರುತ್ತೆ, ಮೇಲೆದ್ದು ಬರಲ್ಲ. ನನಗೆ ಬಿಡುವಾದಾಗ ನೋಡ್ತೀನಿ. ಅವನಿಗೂ ಬೇಜಾರಿಲ್ಲ, ನನಗೂ ಕಿರಿಕಿರಿ ಇಲ್ಲ.

ಇನ್‌ಸ್ಟಾಗ್ರಾಮ್‌ನಲ್ಲಿ ‘ರಿಸ್ಟ್ರಿಕ್ಟ್’ ಅಂತ ಒಂದಿದೆ, 2019ರಿಂದ ಇದೆ. ಜನ ಅದನ್ನು ಬಳಸುವುದು ಕಮ್ಮಿ. ರಿಸ್ಟ್ರಿಕ್ಟ್ ಮಾಡಿದವರ ಮೆಸೇಜ್ ‘ಮೆಸೇಜ್ ರಿಕ್ವೆಸ್ಟ್’ ಅನ್ನುವ ಕಡೆಗೆ ಹೋಗುತ್ತದೆ. ನಾವು ಓದಿದ್ದು, ಆನ್‌ಲೈನ್ ಇರುವುದು ಅವರಿಗೆ ಗೊತ್ತಾಗಲ್ಲ. ಅವರು ಹಾಕಿದ ಕಾಮೆಂಟ್ ನಾವು ಒಪ್ಪುವವರೆಗೂ ಬೇರೆಯವರಿಗೆ ಕಾಣಲ್ಲ. ನಿಮ್ಮ ಗೆಳತಿಗೆ ಇದು ಬೇಕಾಗಲಾರದು, ಆದರೆ ಬ್ಲಾಕ್‌ಗೂ ಪೂರ್ತಿ ಸಲುಗೆಗೂ ನಡುವೆ ಜಾಗ ಇದೆ ಅಂತ ಗೊತ್ತಿರಲಿ.

ಹಗಲುಗನಸು

ಎಲ್ಲರೂ ತೆಗೆಯಿರಿ ಅನ್ನುವ ಹಾದಿಯಲ್ಲಿದ್ದೀರಿ. ಮೌನಿಯವರದ್ದು ಗೆಳತಿಯರ ಜಗಳ, ಸರಿ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು.

ನಾನು ಬ್ಲಾಕ್ ಮಾಡಿದ ವ್ಯಕ್ತಿ ಹೆದರಿಸುತ್ತಿದ್ದ. ಒಂದು ಅಕೌಂಟ್ ಮುಚ್ಚಿದರೆ ಇನ್ನೊಂದರಿಂದ ಬರುತ್ತಿದ್ದ. ಆಮೇಲೆ ಅವನ ಪರವಾಗಿ ನಮ್ಮಿಬ್ಬರಿಗೂ ಬೇಕಾದವರು ಬಂದರು. ‘ಪಾಪ, ಬದಲಾಗಿದ್ದಾನೆ, ಒಂದ್ಸಲ ತೆಗಿ, ಮಾತಾಡಿ ಮುಗಿಸಿಕೋ.’ ನಾನು ತೆಗೆದಿಲ್ಲ, ತೆಗೆಯೋದೂ ಇಲ್ಲ. ಬದಲಾಗಿದ್ದರೆ ಒಳ್ಳೇದು, ನನ್ನ ಇನ್‌ಬಾಕ್ಸ್‌ನ ಹೊರಗೇ ಇದ್ದು ಚೆನ್ನಾಗಿರಲಿ.

ಅಂಥವರ ವಿಷಯದಲ್ಲಿ ಕುತೂಹಲಕ್ಕೂ ಬ್ಲಾಕ್ ತೆಗೆಯಬೇಡಿ. ಫೇಸ್‌ಬುಕ್‌ನ 48 ಗಂಟೆ ನಿಯಮ ಮೇಲೆ ಬಂದಿದೆ, ಲಿಂಕ್ಡ್‌ಇನ್‌ನಲ್ಲೂ ಅದೇ 48 ಗಂಟೆ. ಆ ಎರಡು ದಿನ ಅವರಿಗೆ ನೀವು ಸಿಗುತ್ತೀರಿ. ಎಕ್ಸ್ (ಹಳೇ ಟ್ವಿಟರ್) ಬಳಸುವವರು ಇನ್ನೊಂದು ಗಮನಿಸಿ. ನವೆಂಬರ್ 2024ರಿಂದ ಅಲ್ಲಿ ಬ್ಲಾಕ್ ಆದವರಿಗೂ ನಿಮ್ಮ ಪಬ್ಲಿಕ್ ಪೋಸ್ಟ್ ಕಾಣುತ್ತದೆ. ಉತ್ತರ ಕೊಡಲು, ಲೈಕ್ ಮಾಡಲು ಆಗಲ್ಲ, ಅಷ್ಟೇ. ಅವರ ಕಣ್ಣಿಗೆ ಬೀಳಬಾರದು ಅಂದರೆ ಅಕೌಂಟನ್ನೇ ಪ್ರೈವೇಟ್ ಮಾಡಬೇಕು.

ಹಳೇ ಬೆದರಿಕೆಯ ಚಾಟ್ ಇದ್ದರೆ ‘ಹಾಳಾಗಿ ಹೋಗಲಿ’ ಅಂತ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ, ನಂಬರ್ ಎರಡೂ ಕಾಣುವಂತೆ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮಗೇ ಮೇಲ್ ಮಾಡಿಕೊಳ್ಳಬಹುದು. ಬ್ಲಾಕ್ ಹಾಗೇ ಇರಲಿ, ಇದಕ್ಕೆ ಅದನ್ನು ತೆಗೆಯೋ ಅಗತ್ಯ ಇಲ್ಲ.

ತಡವಾಗಿ ಬಂದವನು

ನನ್ನದು ಉಲ್ಟಾ ಕೇಸ್. ಅಣ್ಣ ನನ್ನನ್ನು ಬ್ಲಾಕ್ ಮಾಡಿದ್ದಾನೆ ಅನ್ನಿಸುತ್ತೆ. ನಮ್ಮನ್ನು ನಾವೇ ಅನ್‌ಬ್ಲಾಕ್ ಮಾಡಿಕೊಳ್ಳುವ ಆ್ಯಪ್ ಇದೆ ಅಂತ ವಿಡಿಯೊ ನೋಡಿದೆ. ನಿಜಾನಾ?

ಅರ್ಧ ಚಾರ್ಜ್

ಸುಳ್ಳು. ಬ್ಲಾಕ್ ಹಾಕಿದವರ ಅಕೌಂಟಿನಿಂದ ಮಾತ್ರ ಅದು ಹೋಗುತ್ತೆ. ಅಂಥ ಆ್ಯಪ್‌ಗಳು ನಿಮ್ಮ ಪಾಸ್‌ವರ್ಡ್ ಇಲ್ಲವೇ ವೆರಿಫಿಕೇಶನ್ ಕೋಡ್ ಕೇಳುತ್ತವೆ. ಕೊಟ್ಟರೆ ಅಣ್ಣ ಸಿಗಲ್ಲ, ನಿಮ್ಮ ಅಕೌಂಟ್ ಹೋಗುತ್ತೆ. ವಾಟ್ಸ್‌ಆ್ಯಪ್‌ನ ನಕಲಿ ಆವೃತ್ತಿಗಳನ್ನು ಹಾಕಿಕೊಂಡರೆ ಅಕೌಂಟೇ ಬ್ಯಾನ್ ಆಗಬಹುದು.

ಬ್ಲಾಕ್ ಆಗಿದೆ ಅಂತ ಖಚಿತವಾಗಿ ತಿಳಿಯುವ ದಾರಿಯೂ ವಾಟ್ಸ್‌ಆ್ಯಪ್‌ನಲ್ಲಿ ಇಲ್ಲ. ಒಂದೇ ಟಿಕ್, ಫೋಟೊ ಕಾಣದಿರುವುದು, ಲಾಸ್ಟ್ ಸೀನ್ ಇಲ್ಲದಿರುವುದು ಇವೆಲ್ಲ ಸುಳಿವು ಮಾತ್ರ. ಕಿಟಕಿ ಸೀಟು ಅವರ ಥರ ಸೆಟ್ಟಿಂಗ್ ಇಟ್ಟುಕೊಂಡಿದ್ದರೂ ಫೋಟೊ ಕಾಣಲ್ಲ. ಬೇಕಂತಲೇ ಹೀಗೆ ಅಸ್ಪಷ್ಟವಾಗಿ ಇಟ್ಟಿದ್ದೇವೆ, ಬ್ಲಾಕ್ ಮಾಡಿದವರ ಗೋಪ್ಯತೆಗಾಗಿ, ಅಂತ ವಾಟ್ಸ್‌ಆ್ಯಪ್‌ನವರೇ ಹೇಳುತ್ತಾರೆ.

ನೀಲಿ ಟಿಕ್ ಆಫ್

ಬೇರೆ ನಂಬರ್‌ನಿಂದ ಮೆಸೇಜ್ ಮಾಡೋಕೆ ಮಾತ್ರ ಹೋಗಬೇಡಿ ತಮ್ಮಾ. ಆ ಕಡೆ ಅದು ಪ್ರೀತಿಯಾಗಿ ಕಾಣಲ್ಲ, ಬೆನ್ನು ಹತ್ತಿದ ಹಾಗೆ ಕಾಣುತ್ತೆ. ಇಬ್ಬರಿಗೂ ಹತ್ತಿರದವರಿದ್ದರೆ ಒಂದೇ ಒಂದು ಸಲ ಹೇಳಿ ಕಳಿಸಿ, ಆಮೇಲೆ ಅವನಿಗೆ ಬಿಟ್ಟುಬಿಡಿ.

ಮೌನಿ

ವಾಟ್ಸ್‌ಆ್ಯಪ್ ಒಂದರಲ್ಲಿ ತೆಗೆದು ಮೆಸೇಜ್ ಹಾಕಿದೆ. ‘ಆಗ ಕಳಿಸಿದ್ದೇನೂ ಸಿಕ್ಕಿಲ್ಲ’ ಅಂತಲೂ ಸೇರಿಸಿದೆ. ಎರಡು ಟಿಕ್ ಬಂತು. ಉತ್ತರವೂ ಬಂತು: ‘ಕಾಲ್ ಮಾಡಿದೆ, ಒಂದೇ ರಿಂಗ್‌ಗೆ ಕಟ್ ಆಗ್ತಿದೆ.’ ನನ್ನ ಫೋನ್ ರಿಂಗೇ ಆಗಿಲ್ಲ. ಏನು ಕಥೆ?

ಅರ್ಧ ಚಾರ್ಜ್

ಫೋನಿನ ಬ್ಲಾಕ್ ಬೇರೆ, ಆ್ಯಪಿನ ಬ್ಲಾಕ್ ಬೇರೆ. ನಂಬರನ್ನೂ ಬ್ಲಾಕ್ ಮಾಡಿದ್ದೆ ಅಂತ ನೀವೇ ಬರೆದಿದ್ದೀರಿ, ಅದು ಹಾಗೇ ಇದೆ. ಆ್ಯಂಡ್ರಾಯ್ಡ್ ಆದರೆ ಫೋನ್ ಆ್ಯಪ್ ತೆರೆದು ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಬ್ಲಾಕ್ಡ್ ನಂಬರ್ಸ್ ನೋಡಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಬ್ಲಾಕ್ಡ್ ಕಾಂಟ್ಯಾಕ್ಟ್ಸ್ ಅಂತ ಹುಡುಕಿ. ಟ್ರೂಕಾಲರ್ ಥರದ ಆ್ಯಪ್ ಇದ್ದರೆ ಅದರದ್ದೇ ಬ್ಲಾಕ್ ಪಟ್ಟಿ ಇರುತ್ತೆ, ಅಲ್ಲೂ ಇಣುಕಿ.

ಇನ್ನೊಂದು. ಹಳೇ ಮೆಸೇಜ್ ಬರಲ್ಲ ಅಂದಿದ್ದು ಆ್ಯಪ್‌ಗಳಿಗೆ. ನೀವು ಗೂಗಲ್ ಮೆಸೇಜಸ್ ಬಳಸುತ್ತಿದ್ದರೆ, ಬ್ಲಾಕ್ ಆದ ನಂಬರಿನಿಂದ ಬಂದ ಎಸ್‌ಎಂಎಸ್‌ಗಳು ‘ಸ್ಪ್ಯಾಮ್ ಆ್ಯಂಡ್ ಬ್ಲಾಕ್ಡ್’ ಅನ್ನುವ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಅವಳು ವಾಟ್ಸ್‌ಆ್ಯಪ್ ಹೋಗದೆ ಎಸ್‌ಎಂಎಸ್ ಮಾಡಿದ್ದರೆ ಅಲ್ಲಿ ಸಿಗಬಹುದು. ‘ಏನೂ ಸಿಕ್ಕಿಲ್ಲ’ ಅಂತ ಬೇರೆ ಬರೆದಿದ್ದೀರಿ, ಅವಳಿಗೆ ವಾಪಸ್ ಕಾಲ್ ಮಾಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಜಿಮೇಲ್‌ನಲ್ಲೂ ಬ್ಲಾಕ್ ಮಾಡಿದ್ದರೆ ಅವಳ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗಿರುತ್ತವೆ. ಅಲ್ಲಿ 30 ದಿನ ಮಾತ್ರ ಇಟ್ಟುಕೊಂಡು ಆಮೇಲೆ ತಾನಾಗಿ ಅಳಿಸುತ್ತೆ, ಹಾಗಾಗಿ ಅದನ್ನು ಇವತ್ತೇ ತೆರೆದು ನೋಡಿ.